ಮತಪೆಟ್ಟಿಗೆಯತ್ತ ಚಾಚಿದ ಪರಕೀಯ ಹಸ್ತ

2023ರ ವಿಧಾನಸಭಾ ಚುನಾವಣೆಯಲ್ಲಿ ಜಗಳೂರು ಕ್ಷೇತ್ರದ ಫಲಿತಾಂಶವನ್ನು ನಿರ್ಧರಿಸಿದ್ದು ಕೇವಲ 874 ಮತಗಳ ಅಂತರ. ಅಲ್ಲಿ ಹೊರದೇಶದವರು ಕೈಯಾಡಿಸಿದ್ದರೆಂದು ನಾವು ಹೇಳುತ್ತಿಲ್ಲ. ಇಷ್ಟು ಕಿರಿದಾದ ಅಂತರವನ್ನು ಅಳಿಸಲು ಸೈನ್ಯ ಬೇಕಿಲ್ಲ, ಮತದಾನದ ಮುನ್ನಾದಿನ ಹಬ್ಬಿಸಿದ ಒಂದು ವದಂತಿ ಸಾಕು ಎಂಬುದಷ್ಟೇ ನಮ್ಮ ಆತಂಕ. ಹಣ, ವದಂತಿ, ನಕಲಿ ಖಾತೆಗಳನ್ನೇ ಅಸ್ತ್ರವಾಗಿಸುವ ಇಂತಹ ತಂತ್ರವನ್ನು ಹೈಬ್ರಿಡ್ ಯುದ್ಧದ ಭಾಗವೆನ್ನುತ್ತಾರೆ.

ಇದು ನಮ್ಮ ದೇಶಕ್ಕೆ ಹೊಸದೇನಲ್ಲ. ಕೇರಳ ಮತ್ತು ಪಶ್ಚಿಮ ಬಂಗಾಳದಲ್ಲಿ ಕಮ್ಯುನಿಸ್ಟರನ್ನು ತಡೆಯಲು ಅಮೆರಿಕವು ಎರಡು ಬಾರಿ ಕಾಂಗ್ರೆಸ್ಸಿಗೆ ಹಣ ನೀಡಿತ್ತೆಂದು, ದಿಲ್ಲಿಯಲ್ಲಿ ಅದರ ರಾಯಭಾರಿಯಾಗಿದ್ದ ಡೇನಿಯಲ್ ಮೊಯ್ನಿಹಾನ್ 1978ರ ತಮ್ಮ ಕೃತಿಯಲ್ಲಿ ಬರೆದರು. 2024ರ ಮೇ ತಿಂಗಳಲ್ಲಿ, ಲೋಕಸಭಾ ಚುನಾವಣೆ ನಡೆಯುತ್ತಿದ್ದಾಗಲೇ, ಇಸ್ರೇಲಿನ ಸ್ಟೋಯಿಕ್ ಎಂಬ ಕಂಪೆನಿ ಕೃತಕ ಬುದ್ಧಿಮತ್ತೆಯಿಂದ ಬಿಜೆಪಿಯನ್ನು ತೆಗಳುವ, ಕಾಂಗ್ರೆಸ್ಸನ್ನು ಹೊಗಳುವ ಬರಹಗಳನ್ನು ಸೃಷ್ಟಿಸುತ್ತಿದ್ದುದನ್ನು ಓಪನ್‌ಎಐ ಬಯಲುಗೊಳಿಸಿತು. ಅದು ತಲುಪಿದ್ದು ಅತ್ಯಲ್ಪ ಜನರನ್ನು. ನಮ್ಮ ಓದುಗರಲ್ಲಿ ಹಲವರಿಗೆ ಆ ಬರಹ ಹಿತವೆನಿಸೀತು, ಅಪಾಯವಿರುವುದೂ ಅಲ್ಲಿಯೇ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಮನೆಮನೆಯಲ್ಲಿಯೂ ಇಂದು ಕುಟುಂಬದ ವಾಟ್ಸಾಪ್ ಗುಂಪುಗಳಿವೆ. ಬರೆದವರಾರೆಂದು ತಿಳಿಯದ ಚುನಾವಣಾ ಸಂದೇಶವನ್ನು, ಅದು ನಮಗೆ ಒಪ್ಪಿಗೆಯಾದದ್ದೇ ಆಗಿದ್ದರೂ, ಮುಂದಕ್ಕೆ ಕಳುಹಿಸಬಾರದೆಂದು ಹಿರಿಯರು ಆ ಗುಂಪುಗಳಲ್ಲಿಯೇ ತಿಳಿಹೇಳಲಿ.