ಚೀನದ ಅಂತರ್ಯುದ್ಧದಲ್ಲಿ ಜಪಾನು: ನಿಮಿತ್ತವೋ, ಮೂಲಕಾರಣವೋ?

೧೯೬೪ನೆಯ ಇಸವಿಯ ಜುಲೈ ತಿಂಗಳಲ್ಲಿ ಜಪಾನಿನ ಸಮಾಜವಾದಿ ಪಕ್ಷದವರ ನಿಯೋಗವೊಂದು ಪೀಕಿಂಗ್ ನಗರಕ್ಕೆ ಹೋಗಿ ಮಾವೋ ತ್ಸೆ-ತುಂಗನನ್ನು ಕಂಡಿತು. ಜಪಾನಿನ ಸೈನ್ಯವು ಚೀನದ ನೆಲದಲ್ಲಿ ಎಸಗಿದ ಅಪಕಾರದ ಮಾತು ಅಲ್ಲಿ ಬಂದಾಗ, ಅದಕ್ಕಾಗಿ ಕ್ಷಮೆಯಾಚಿಸಬೇಕಾದ್ದಿಲ್ಲ, ಆ ಸೈನ್ಯ ಬಾರದಿದ್ದರೆ ಚೀನದ ಜನ ಒಂದುಗೂಡುತ್ತಿರಲಿಲ್ಲ, ತನ್ನ ಪಕ್ಷಕ್ಕೆ ಅಧಿಕಾರವೂ ಒದಗುತ್ತಿರಲಿಲ್ಲ ಎಂಬರ್ಥದ ಉತ್ತರವನ್ನು ಮಾವೋ ಕೊಟ್ಟನೆಂದು ದಾಖಲೆಯಿದೆ. ಕೇಳಿದ ಅತಿಥಿಗಳಿಗೆ ಸಂತೋಷವಾಯಿತೋ ಸಂಕೋಚವಾಯಿತೋ ಊಹಿಸುವುದು ಕಷ್ಟ. ವಿಜಯಿಯು ತನ್ನ ವಿಜಯದ ಶ್ರೇಯಸ್ಸನ್ನು ಶತ್ರುವಿಗೆ ದಾನ ಮಾಡುವುದು ರಾಜನೀತಿಯಲ್ಲಿ ಅಪೂರ್ವವಾದ ಸಂಗತಿ. ಅದು ವಿನೋದವೋ, ವ್ಯಂಗ್ಯವೋ, ವಸ್ತುಸ್ಥಿತಿಯ ಕಥನವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ತರ್ಕಶಾಸ್ತ್ರವನ್ನು ಅಭ್ಯಾಸ ಮಾಡುವ ಬಾಲಕನಿಗೆ ಗುರುವು ಮೊದಲು ತೋರಿಸುವುದು ಮಡಕೆಯನ್ನು. ಮಣ್ಣು ಒಂದು ಕಾರಣ, ಕುಂಬಾರ ಒಂದು ಕಾರಣ, ತಿಗರಿಯೂ ದಂಡವೂ ಮತ್ತೊಂದು ಬಗೆಯ ಕಾರಣ. ಮಣ್ಣನ್ನು ಹೊತ್ತು ತಂದ ಕತ್ತೆಯನ್ನು ಮಾತ್ರ ಶಾಸ್ತ್ರಕಾರರು ಕಾರಣವೆಂದು ಒಪ್ಪುವುದಿಲ್ಲ. ಕತ್ತೆಯಿಲ್ಲದೆಯೂ ಮಣ್ಣು ಬರಬಹುದಷ್ಟೆ. ಚೀನದ ಕಮ್ಯೂನಿಸ್ಟರ ವಿಜಯವೆಂಬ ಮಡಕೆಗೆ ಜಪಾನು ಕುಂಬಾರನೇ, ದಂಡವೇ, ಕತ್ತೆಯೇ? ಜಪಾನೇ ಸರ್ವಕಾರಣವೆಂದು ಒಂದು ಪಕ್ಷ, ಜಪಾನಿನ ಪಾತ್ರವೇ ಇಲ್ಲ, ಎಲ್ಲವೂ ಜನಶಕ್ತಿಯ ಮಹಿಮೆಯೆಂದು ಇನ್ನೊಂದು ಪಕ್ಷ. ಎರಡೂ ಪಕ್ಷಗಳು ಕಾರಣಭೇದವನ್ನು ಮರೆತು ವಾದಿಸುತ್ತವೆ.

ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬಹುದು. ೧೯೨೭ರ ಏಪ್ರಿಲಿನಲ್ಲಿ ಚಿಯಾಂಗ್ ಕೈ-ಷೇಕನು ಷಾಂಘೈ ನಗರದಲ್ಲಿ ತನ್ನ ಮಿತ್ರರಾಗಿದ್ದ ಕಮ್ಯೂನಿಸ್ಟರನ್ನು ಸಂಹರಿಸಿದನು. ಅಲ್ಲಿಂದ ಮುಂದಕ್ಕೆ ಆತನ ಕುವೊಮಿಂಟಾಂಗ್ ಪಕ್ಷಕ್ಕೂ ಕಮ್ಯೂನಿಸ್ಟರಿಗೂ ವೈರ ಬೆಳೆಯಿತು. ೧೯೩೧ರ ಸೆಪ್ಟೆಂಬರ್ ೧೮ರಂದು ಜಪಾನಿನ ಸೈನ್ಯವು ಮುಕ್ಡೆನ್ ನಗರದ ಹತ್ತಿರ ತಾನೇ ರೈಲು ಹಳಿಗೆ ಮದ್ದಿಟ್ಟು, ಅದನ್ನೇ ನೆಪಮಾಡಿಕೊಂಡು ಮಂಚೂರಿಯಾವನ್ನು ನುಂಗಿತು. ಮರುವರ್ಷ ಅಲ್ಲಿ ಮಂಚುಕುವೊ ಎಂಬ ಹೆಸರಿಗೆ ಮಾತ್ರದ ರಾಜ್ಯವನ್ನು ನಿಲ್ಲಿಸಿ, ಪದಚ್ಯುತನಾಗಿದ್ದ ಮಂಚು ವಂಶದ ಪೂಯಿಯನ್ನು ಅದರ ಮೇಲೆ ಕೂರಿಸಿತು. ಆಗ ಚಿಯಾಂಗನು ಹಿಡಿದ ನೀತಿ ಮೊದಲು ಒಳಗಿನ ಶಮನ, ಆಮೇಲೆ ಹೊರಗಿನ ಪ್ರತಿರೋಧ ಎಂಬುದು. ಜಪಾನು ಚರ್ಮರೋಗ, ಕಮ್ಯೂನಿಸಂ ಹೃದ್ರೋಗ ಎಂಬ ಹೋಲಿಕೆಯೂ ಆತನ ಹೆಸರಿನಲ್ಲಿ ಪ್ರಸಿದ್ಧವಾಗಿದೆ.

ಸೈನ್ಯನೀತಿಯ ದೃಷ್ಟಿಯಿಂದ ಆ ಲೆಕ್ಕ ತಪ್ಪಾಗಿರಲಿಲ್ಲ. ಐದನೆಯ ಮುತ್ತಿಗೆಯಲ್ಲಿ ಕಮ್ಯೂನಿಸ್ಟರ ದಕ್ಷಿಣದ ನೆಲೆ ಒಡೆಯಿತು. ೧೯೩೪ರ ಅಕ್ಟೋಬರಿನಲ್ಲಿ ಸುಮಾರು ೮೬ ಸಾವಿರ ಜನ ದೀರ್ಘಯಾತ್ರೆಗೆ ಹೊರಟರು. ವರ್ಷದ ಬಳಿಕ ಷೆನ್ಸಿ ಪ್ರಾಂತದ ಉತ್ತರಭಾಗವನ್ನು ಮುಟ್ಟಿದವರು ಎಂಟು ಸಾವಿರದಷ್ಟು. ಇನ್ನೊಂದು ಪೆಟ್ಟು ಬಿದ್ದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತೆಂದು ಹೇಳುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಲೋಕನೀತಿಯ ದೃಷ್ಟಿಯಿಂದ ಆ ನೀತಿಯಲ್ಲಿ ಮಹಾದೋಷವಿತ್ತು. ಪರಕೀಯನು ಮನೆಯ ಈಶಾನ್ಯ ಮೂಲೆಯನ್ನು ಕಿತ್ತುಕೊಂಡಿರುವಾಗ ಯಜಮಾನನು ತಮ್ಮನ ಮೇಲೆ ಕತ್ತಿ ಮಸೆಯುತ್ತಿದ್ದರೆ, ತಮ್ಮನು ದುಷ್ಟನೇ ಆಗಿದ್ದರೂ ನೆರೆಹೊರೆಯವರು ಯಾರನ್ನು ನಿಂದಿಸುತ್ತಾರೆ?

ಆ ಇನ್ನೊಂದು ಪೆಟ್ಟನ್ನು ಹೊಡೆಯಲು ಚಿಯಾಂಗನು ನೇಮಿಸಿದ್ದು ಚಾಂಗ್ ಷ್ಯೂ-ಲಿಯಾಂಗ್ ಎಂಬ ಮಂಚೂರಿಯಾದ ತರುಣ ದಂಡನಾಯಕನನ್ನು. ಇವನ ತಂದೆ ಚಾಂಗ್ ತ್ಸೋ-ಲಿನ್‌ನನ್ನು ೧೯೨೮ರ ಜೂನಿನಲ್ಲಿ ಜಪಾನಿನ ಸೈನ್ಯಾಧಿಕಾರಿಗಳು ರೈಲಿಗೆ ಸಿಡಿಮದ್ದಿಟ್ಟು ಕೊಂದಿದ್ದರು. ಇವನ ಸೈನಿಕರ ಊರು, ಹೊಲ, ಮನೆ, ಹಿರಿಯರ ಸಮಾಧಿಗಳೆಲ್ಲ ಜಪಾನಿನ ವಶವಾಗಿದ್ದವು. ಅಂಥವರನ್ನು ಬರಡು ಗುಡ್ಡಗಳ ನಾಡಿಗೆ ಕಳುಹಿಸಿ, ಜಪಾನಿನೊಡನೆ ಹೋರಾಡೋಣವೆಂದು ಕೂಗುತ್ತಿದ್ದ ಕಮ್ಯೂನಿಸ್ಟರನ್ನು ಕೊಲ್ಲಿರೆಂದು ಆಜ್ಞಾಪಿಸಲಾಯಿತು. ೧೯೩೬ರ ಡಿಸೆಂಬರ್ ೧೨ರಂದು ಸಿಯಾನ್ ನಗರದ ಬಳಿಗೆ ಬಂದಿದ್ದ ಚಿಯಾಂಗನನ್ನೇ ಈ ಚಾಂಗನೂ ಯಾಂಗ್ ಹು-ಚೆಂಗ್ ಎಂಬ ಮತ್ತೊಬ್ಬ ಸೇನಾನಿಯೂ ಸೆರೆಹಿಡಿದರು. ಸ್ಟಾಲಿನನಿಗೂ ಚಿಯಾಂಗನು ಜೀವಂತನಾಗಿರುವುದೇ ಬೇಕಾಗಿತ್ತು. ಚೌ ಎನ್-ಲೈ ಬಂದು ಮಾತುಕತೆ ನಡೆಸಿದನು. ಡಿಸೆಂಬರ್ ೨೫ರಂದು ಬಿಡುಗಡೆಯಾಯಿತು, ಅಂತರ್ಯುದ್ಧ ನಿಂತಿತು. ಜಪಾನು ಮಂಚೂರಿಯಾವನ್ನು ಕಬಳಿಸಿರದಿದ್ದರೆ ಈ ಹದಿಮೂರು ದಿನಗಳಿಗೆ ಅವಕಾಶವೇ ಇರುತ್ತಿರಲಿಲ್ಲ. ಕಮ್ಯೂನಿಸ್ಟರಿಗೆ ಜಪಾನಿನಿಂದಾದ ಮೊದಲ ಲಾಭ ಇದು, ಬಹುಶಃ ಅತ್ಯಂತ ನಿಸ್ಸಂದಿಗ್ಧವಾದ ಲಾಭವೂ ಇದೇ.

೧೯೩೭ರ ಜುಲೈ ೭ರಂದು ಪೀಕಿಂಗಿನ ಹೊರಗಿನ ಮಾರ್ಕೊ ಪೋಲೊ ಸೇತುವೆಯ ಹತ್ತಿರ ಗುಂಡು ಹಾರಿತು. ಷಾಂಘೈಯಲ್ಲಿ ಚಿಯಾಂಗನು ಹಿಂಜರಿಯದೆ ಕಾದಿದನೆಂಬುದನ್ನು ಆತನ ನಿಂದಕರೂ ಒಪ್ಪಬೇಕು. ಮೂರು ತಿಂಗಳ ಆ ಕಾಳಗದಲ್ಲಿ, ಜರ್ಮನ್ ಅಧಿಕಾರಿಗಳಿಂದ ಶಿಕ್ಷಣ ಪಡೆದಿದ್ದ ಆತನ ಅತ್ಯುತ್ತಮ ದಳಗಳು ನುಚ್ಚುನೂರಾದವು. ಡಿಸೆಂಬರ್ ೧೩ರಂದು ರಾಜಧಾನಿ ನಾನ್ಕಿಂಗ್ ಬಿದ್ದಿತು. ಅಲ್ಲಿ ನಡೆದ ಹತ್ಯಾಕಾಂಡವನ್ನು ಇಲ್ಲಿ ವರ್ಣಿಸಬೇಕಾಗಿಲ್ಲ. ಸರ್ಕಾರವು ಯಾಂಗ್ಟ್ಸಿ ನದಿಯನ್ನು ಹಿಡಿದು ಒಳನಾಡಿನ ಚುಂಗ್ಕಿಂಗಿಗೆ ಸರಿಯಿತು. ಕರಾವಳಿಯ ನಗರಗಳು ಹೋದವು, ಅವುಗಳೊಡನೆ ಸುಂಕದ ಆದಾಯ ಹೋಯಿತು, ಗಿರಣಿಗಳು ಹೋದವು. ಉಳಿದದ್ದು ರೈತನ ಕಣಜ ಮತ್ತು ನೋಟು ಅಚ್ಚುಹಾಕುವ ಯಂತ್ರ. ಸರ್ಕಾರ ಎರಡಕ್ಕೂ ಕೈಹಾಕಿತು. ೧೯೪೫ರ ಹೊತ್ತಿಗೆ ಯುದ್ಧಪೂರ್ವದ ಬೆಲೆಗಳು ಎರಡು ಸಾವಿರ ಪಟ್ಟಿಗೂ ಮಿಕ್ಕು ಏರಿದ್ದವು. ತಿಂಗಳ ಸಂಬಳವನ್ನೇ ನಂಬಿದ್ದ ಉಪಾಧ್ಯಾಯ, ಗುಮಾಸ್ತ, ಸಿಪಾಯಿ ಇವರು ಹಸಿವಿನಿಂದ ಬಳಲಿದರು, ಅಥವಾ ಲಂಚಕ್ಕೆ ಕೈಯೊಡ್ಡಿದರು.

ಹೊನಾನ್ ಪ್ರಾಂತದ ಕಥೆಯೊಂದನ್ನೇ ನೋಡಿದರೂ ಸಾಕು. ೧೯೩೮ರ ಜೂನಿನಲ್ಲಿ ಜಪಾನೀಯರ ಮುನ್ನಡೆಯನ್ನು ತಡೆಯಲೆಂದು ಚಿಯಾಂಗನ ಸೈನ್ಯವು ಪೀತನದಿಯ ಒಡ್ಡನ್ನು ಹುವಾಯುವಾನ್‌ಕೌ ಎಂಬಲ್ಲಿ ಒಡೆಯಿತು. ಶತ್ರುವು ಕೆಲವು ತಿಂಗಳು ತಡೆದು ನಿಂತಿತು. ನದಿಯು ತನ್ನ ಪಾತ್ರವನ್ನೇ ಬದಲಿಸಿ ಮೂರು ಪ್ರಾಂತಗಳ ಮೇಲೆ ಹರಿಯಿತು, ಲಕ್ಷಾಂತರ ಪ್ರಜೆಗಳು ಸತ್ತರು, ನದಿ ಹಳೆಯ ಪಾತ್ರಕ್ಕೆ ಮರಳಿದ್ದು ೧೯೪೭ರಲ್ಲಿ. ಅದೇ ಹೊನಾನಿನಲ್ಲಿ ೧೯೪೨ರಲ್ಲಿ ಮಳೆ ಕೈಕೊಟ್ಟಿತು. ಆಗಲೂ ಸೈನ್ಯಕ್ಕೆಂದು ದವಸದ ತೆರಿಗೆಯನ್ನು ವಸೂಲು ಮಾಡುವುದು ನಿಲ್ಲಲಿಲ್ಲ. ಇಪ್ಪತ್ತರಿಂದ ಮೂವತ್ತು ಲಕ್ಷ ಜನ ಅನ್ನವಿಲ್ಲದೆ ಸತ್ತರೆಂದು ಗಣನೆ. (೧೯೪೩ರ ಬಂಗಾಳದ ಕ್ಷಾಮವನ್ನು ಬಲ್ಲ ಭಾರತೀಯನಿಗೆ ಯುದ್ಧಕಾಲದ ಸರ್ಕಾರದ ಈ ಕುರುಡುತನವನ್ನು ವಿವರಿಸಿ ಹೇಳಬೇಕಾಗಿಲ್ಲ.) ೧೯೪೪ರಲ್ಲಿ ಜಪಾನು ಐದು ಲಕ್ಷ ಸೈನಿಕರೊಡನೆ ಇಚಿಗೊ ಎಂಬ ಮಹಾದಂಡಯಾತ್ರೆಯನ್ನು ಕೈಕೊಂಡು ಹೊನಾನಿನ ಮೇಲೆ ಬಂದಾಗ, ಹಿಂದೆ ಸರಿಯುತ್ತಿದ್ದ ಚೀನೀ ಸಿಪಾಯಿಗಳನ್ನು ಅಲ್ಲಿನ ರೈತರೇ ಅಡ್ಡಗಟ್ಟಿ, ಗುದ್ದಲಿ ಕುಡುಗೋಲುಗಳಿಂದ ಹೊಡೆದು ಅವರ ಬಂದೂಕುಗಳನ್ನು ಕಿತ್ತುಕೊಂಡರು. ಒಂದು ರಾಜ್ಯ ಒಳಗಿನಿಂದ ಸತ್ತಿದೆಯೆನ್ನುವುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ? ಪೆಟ್ಟು ಕೊಟ್ಟವನು ಜಪಾನೀಯನೆಂಬುದು ನಿಜ. ಆದರೆ ಹಸಿದವನ ಕಣಜಕ್ಕೆ ಕೈಹಾಕಿದವನು ಜಪಾನೀಯನಲ್ಲ.

ಇತ್ತ ಕಮ್ಯೂನಿಸ್ಟರು ಜಪಾನಿನ ಸೈನ್ಯದ ಬೆನ್ನ ಹಿಂದಿನ ಹಳ್ಳಿಗಳನ್ನು ಸೇರಿದರು. ರೈಲುದಾರಿಯೂ ಪೇಟೆಯೂ ಜಪಾನೀಯರ ವಶದಲ್ಲಿದ್ದವು, ನಡುವಣ ಹಳ್ಳಿಗಳನ್ನು ಆಳಲು ಅವರಲ್ಲಿ ಜನವಿರಲಿಲ್ಲ. ಹಳೆಯ ಅಧಿಕಾರಿಗಳೂ ದೊಡ್ಡ ಜಮೀನುದಾರರೂ ಓಡಿಹೋಗಿದ್ದರು. ಆ ಶೂನ್ಯದೊಳಗೆ ಹೊಕ್ಕವರು ಗೇಣಿಯನ್ನು ಇಳಿಸಿದರು, ಬಡ್ಡಿಯನ್ನು ಇಳಿಸಿದರು, ಕಾವಲುಪಡೆಗಳನ್ನು ಕಟ್ಟಿದರು. ೧೯೩೭ರಲ್ಲಿ ಸುಮಾರು ೪೦ ಸಾವಿರವಿದ್ದ ಪಕ್ಷದ ಸದಸ್ಯರ ಸಂಖ್ಯೆ ೧೯೪೫ರಲ್ಲಿ ೧೨ ಲಕ್ಷವಾಯಿತು. ಅಮೆರಿಕದ ವಿದ್ವಾಂಸ ಚಾಲ್ಮರ್ಸ್ ಜಾನ್ಸನ್ ೧೯೬೨ರಲ್ಲಿ ಪ್ರಕಟಿಸಿದ ಗ್ರಂಥವು, ಜಪಾನಿನ ಕ್ರೌರ್ಯವೇ ರೈತನಲ್ಲಿ ದೇಶಾಭಿಮಾನವನ್ನು ಹುಟ್ಟಿಸಿ ಅವನನ್ನು ಕಮ್ಯೂನಿಸ್ಟರ ಕಡೆಗೆ ತಳ್ಳಿತೆಂದು ವಾದಿಸುತ್ತದೆ. ೧೯೭೧ರಲ್ಲಿ ಮಾರ್ಕ್ ಸೆಲ್ಡನ್ ಎಂಬಾತನು ಯೇನಾನ್ ಪ್ರದೇಶವನ್ನು ಕುರಿತು ಬರೆದು ಗ್ರಾಮಸುಧಾರಣೆಗೇ ಪ್ರಾಧಾನ್ಯ ಕೊಟ್ಟನು. ಯೇನಾನಿನ ಮೇಲೆ ಜಪಾನಿನ ವಿಮಾನಗಳು ಬಾಂಬು ಹಾಕಿದುವೇ ಹೊರತು, ಅದು ಜಪಾನಿನ ಆಡಳಿತವನ್ನು ಎಂದೂ ಕಂಡದ್ದಲ್ಲ. ಅಲ್ಲಿಯೂ ರೈತರು ಕಮ್ಯೂನಿಸ್ಟರೊಡನೆ ನಿಂತರು. ಜಾನ್ಸನ್ನನ ವಾದಕ್ಕೆ ಇದೊಂದು ತೊಡಕು.

ಇನ್ನೊಂದು ತೊಡಕೂ ಉಂಟು. ಜಪಾನಿನ ಖಡ್ಗ ಕಮ್ಯೂನಿಸ್ಟರ ಮೇಲೆಯೂ ಬಿದ್ದಿತು. ೧೯೪೦ರ ಆಗಸ್ಟಿನಲ್ಲಿ ಅವರು ನೂರು ರೆಜಿಮೆಂಟುಗಳ ದಾಳಿಯೆಂದು ಹೆಸರಾದ ಕಾರ್ಯಾಚರಣೆಯಲ್ಲಿ ರೈಲುದಾರಿಗಳನ್ನು ಧ್ವಂಸಮಾಡಿದ ಮೇಲೆ, ಜಪಾನಿನ ಸೈನ್ಯವು ಎಲ್ಲವನ್ನೂ ಸುಡು, ಎಲ್ಲರನ್ನೂ ಕೊಲ್ಲು, ಎಲ್ಲವನ್ನೂ ದೋಚು ಎಂಬ ರೀತಿಯಲ್ಲಿ ಉತ್ತರ ಚೀನದ ಹಳ್ಳಿಗಳನ್ನು ಶೋಧಿಸಿತು. ಮುಂದಿನ ಎರಡು ವರ್ಷಗಳಲ್ಲಿ ಕಮ್ಯೂನಿಸ್ಟರ ನೆಲೆಗಳು ಬಹಳವಾಗಿ ಕುಗ್ಗಿದವು. ಕನ್ನಡವೂ ಮರಾಠಿಯೂ ಕೂಡಿ ಬಾಳುವ ಸೊಲ್ಲಾಪುರದಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸರು ದುಡಿದದ್ದು ಈ ಕಷ್ಟಕಾಲದಲ್ಲಿ, ಈ ಪ್ರದೇಶದಲ್ಲಿಯೇ. ೧೯೩೮ರಲ್ಲಿ ಭಾರತದ ಕಾಂಗ್ರೆಸ್ಸು ಕಳುಹಿಸಿದ ಐವರು ವೈದ್ಯರಲ್ಲಿ ಅವರೊಬ್ಬರು. ಉಳಿದವರು ಮರಳಿದರೂ ಅವರು ಮರಳಲಿಲ್ಲ. ೧೯೪೨ರ ಡಿಸೆಂಬರ್ ೯ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಆ ಹಳ್ಳಿಗಳ ಗಾಯಾಳುಗಳಿಗೆ ಜಪಾನಿನ ದಾಳಿಯು ಒಂದು ಉಪಕಾರವಾಗಿತ್ತೆಂದು ಯಾರಾದರೂ ಹೇಳಿದ್ದರೆ ಅವರು ಏನೆನ್ನುತ್ತಿದ್ದರೋ!

೧೯೪೫ರ ಆಗಸ್ಟಿನಲ್ಲಿ ಜಪಾನು ಶರಣಾದಾಗ ಚಿಯಾಂಗನ ಪಕ್ಷವೇ ಬಲಿಷ್ಠವಾಗಿತ್ತೆಂಬುದನ್ನು ಅನೇಕರು ಮರೆಯುತ್ತಾರೆ. ಸೈನಿಕರ ಸಂಖ್ಯೆ, ವಿಮಾನ, ನಾಣ್ಯ, ಲೋಕಮನ್ನಣೆ, ಎಲ್ಲವೂ ಆತನ ಕಡೆಗಿದ್ದವು. ಅಮೆರಿಕದ ಹಡಗುಗಳೂ ವಿಮಾನಗಳೂ ಆತನ ದಳಗಳನ್ನು ಉತ್ತರಕ್ಕೆ ಸಾಗಿಸಿದವು. ಜಪಾನಿನ ಸೈನ್ಯವು ಚಿಯಾಂಗನಿಗೆ ಮಾತ್ರ ಶರಣಾಗಬೇಕೆಂಬ ಆಜ್ಞೆಯಿತ್ತು, ಆತನ ದಳ ಬರುವವರೆಗೆ ಎಷ್ಟೋ ಊರುಗಳನ್ನು ಕಮ್ಯೂನಿಸ್ಟರಿಂದ ಕಾದುಕೊಟ್ಟವರು ಸೋತ ಜಪಾನೀಯರೇ. ಷಾನ್ಸಿಯ ಪ್ರಾಂತಾಧಿಪತಿ ಯೆನ್ ಹ್ಸಿ-ಷಾನನಂತೂ ಎರಡು ಸಾವಿರಕ್ಕೂ ಮಿಕ್ಕ ಜಪಾನೀ ಸೈನಿಕರನ್ನು ಊರಿಗೆ ಕಳುಹಿಸದೆ ತನ್ನ ಸೈನ್ಯದಲ್ಲಿಯೇ ಇಟ್ಟುಕೊಂಡು ಕಾದಿಸಿದನು. ಚೀನದಲ್ಲಿ ಜಪಾನಿನ ಮಹಾದಂಡನಾಯಕನಾಗಿದ್ದ ಒಕಾಮುರ ಯಾಸುಜಿಯನ್ನು ಚಿಯಾಂಗನ ನ್ಯಾಯಾಲಯವು ೧೯೪೯ರ ಜನವರಿಯಲ್ಲಿ ನಿರ್ದೋಷಿಯೆಂದು ಬಿಟ್ಟಿತು. ಜಪಾನಿನ ನೆರವು ಕಮ್ಯೂನಿಸ್ಟರಿಗೇ ಒದಗಿತೆಂಬ ವಾದಿಗಳು ಈ ಸಂಗತಿಗಳನ್ನು ಎಲ್ಲಿ ಇಡುತ್ತಾರೆ?

ತಕ್ಕಡಿಯ ಇನ್ನೊಂದು ತಟ್ಟೆ ಮಂಚೂರಿಯಾ. ೧೯೪೫ರ ಆಗಸ್ಟ್ ೯ರಂದು ಸೋವಿಯತ್ ಸೈನ್ಯವು ಅಲ್ಲಿಗೆ ನುಗ್ಗಿತು. ಕಾರ್ಖಾನೆಗಳ ಯಂತ್ರಗಳನ್ನು ಅದು ತನ್ನ ದೇಶಕ್ಕೆ ಹೊತ್ತೊಯ್ದಿತು, ಜಪಾನಿನ ಆಯುಧಗಳಲ್ಲಿ ಬಹುಭಾಗ ಲಿನ್ ಪಿಯಾವೋವಿನ ಕಮ್ಯೂನಿಸ್ಟ್ ಪಡೆಗಳಿಗೆ ದೊರೆಯಿತು. ಜಪಾನಿನ ವೈದ್ಯರು, ದಾದಿಯರು, ಕುಶಲಕರ್ಮಿಗಳು ಸಾವಿರಾರು ಮಂದಿ ಆ ಸೈನ್ಯದಲ್ಲಿ ದುಡಿದರು. ಕಮ್ಯೂನಿಸ್ಟರ ಮೊದಲ ವಿಮಾನಶಾಲೆಯಲ್ಲಿ ೧೯೪೬ರಿಂದ ಪಾಠ ಹೇಳಿದವರೂ ಜಪಾನೀ ವೈಮಾನಿಕರೇ. ಹೀಗೆ ಜಪಾನಿನ ಅವಶೇಷವು ಎರಡು ಪಕ್ಷಗಳಿಗೂ ಹಂಚಿಹೋಯಿತು. ಚಿಯಾಂಗನು ತನ್ನ ಶ್ರೇಷ್ಠ ಸೈನ್ಯಗಳನ್ನು ಆ ದೂರದ ನಾಡಿಗೆ ಕಳುಹಿಸಿ, ರೈಲುದಾರಿಯುದ್ದಕ್ಕೂ ಚೆಲ್ಲಿ, ೧೯೪೮ರ ಶರತ್ಕಾಲದಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕ ಜನರನ್ನು ಕಳೆದುಕೊಂಡನು. ಅದು ಆತನದೇ ತಪ್ಪು. ವಿಮುಕ್ತವಾದ ನಗರಗಳಲ್ಲಿ ಜಪಾನಿನ ಆಶ್ರಿತ ಸರ್ಕಾರದ ನಾಣ್ಯವನ್ನು ೨೦೦ಕ್ಕೆ ೧ರಂತೆ ಬದಲಾಯಿಸಿ ಜನರ ಗಂಟನ್ನು ಕರಗಿಸಿದ್ದು, ಹಿಂತಿರುಗಿ ಬಂದ ಅಧಿಕಾರಿಗಳು ಮನೆ ಮಳಿಗೆಗಳನ್ನು ದೋಚಿದ್ದು, ೧೯೪೮ರ ಆಗಸ್ಟಿನಲ್ಲಿ ಮೂವತ್ತು ಲಕ್ಷ ಹಳೆಯ ನಾಣ್ಯಕ್ಕೆ ಒಂದರಂತೆ ಹೊರಡಿಸಿದ ಹೊಸ ನಾಣ್ಯವೂ ತಿಂಗಳುಗಳಲ್ಲೇ ಕಸವಾದದ್ದು, ಇವನ್ನು ಜಪಾನಿನ ತಲೆಗೆ ಕಟ್ಟುವುದು ಹೇಗೆ?

ಅನ್ವಯ ವ್ಯತಿರೇಕಗಳಿಂದ ಪರೀಕ್ಷಿಸಿ ನೋಡೋಣ. ಜಪಾನು ಬಾರದಿದ್ದರೆ ಕಮ್ಯೂನಿಸ್ಟರು ಆ ಕಾಲದಲ್ಲಿ ಗೆಲ್ಲುತ್ತಿದ್ದರೆ? ೧೯೩೬ರ ಸ್ಥಿತಿಯನ್ನು ಕಂಡವರಾರೂ ಹೌದೆನ್ನಲಾರರು. ವ್ಯತಿರೇಕ ನಿಲ್ಲುತ್ತದೆ. ಜಪಾನು ಬಂದಲ್ಲೆಲ್ಲ ಕಮ್ಯೂನಿಸ್ಟರು ಗೆದ್ದರೆ? ಮಲಯದಲ್ಲಿ ಗೆಲ್ಲಲಿಲ್ಲ, ಫಿಲಿಪೈನ್ಸಿನಲ್ಲಿ ರೈತರು ಆಯುಧ ಹಿಡಿದು ಜಪಾನಿನೊಡನೆ ಕಾದಿದರೂ ಗೆಲ್ಲಲಿಲ್ಲ, ವಿಯೆಟ್ನಾಮಿನಲ್ಲಿ ಗೆದ್ದರು. ಅನ್ವಯ ಮುರಿಯುತ್ತದೆ. ಆದ್ದರಿಂದ ಜಪಾನು ಕತ್ತೆಯಲ್ಲ, ಕುಂಬಾರನೂ ಅಲ್ಲ. ತಿಗರಿಯನ್ನು ತಿರುಗಿಸಿದ ದಂಡ. ಮಣ್ಣು ಚೀನದ ರೈತನ ಶತಮಾನಗಳ ಸಂಕಟ. ಅದಕ್ಕೆ ಕೈಯಿಟ್ಟವರು ಒಂದು ಕಡೆ ಜಾಣರು, ಇನ್ನೊಂದು ಕಡೆ ಅವಿವೇಕಿಗಳು.

ಮಾವೋವಿನ ಮಾತಿನಲ್ಲಿ ಸತ್ಯದ ಅಂಶವಿದೆಯೆಂದು ಒಪ್ಪಿದರೂ, ಆಡಬಾರದ ಮಾತೆಂದೇ ಹೇಳಬೇಕು. ಎಂಟು ವರ್ಷಗಳ ಆ ಯುದ್ಧದಲ್ಲಿ ಮಡಿದ ಚೀನೀಯರು ಒಂದೂವರೆ ಕೋಟಿಯಿಂದ ಎರಡು ಕೋಟಿಯವರೆಗೆ ಎಂದು ಅಂದಾಜು. ಅವರಲ್ಲಿ ಬಹುಪಾಲು ಜನ ಯಾವ ಪಕ್ಷಕ್ಕೂ ಸೇರಿದವರಲ್ಲ. ಅವರ ಪರವಾಗಿ ಕ್ಷಮೆಯನ್ನು ಬೇಡವೆನ್ನುವ ಅಧಿಕಾರವು ಆಳುವವನಿಗೆ ಎಲ್ಲಿಂದ ಬಂತು? ಆಕ್ರಮಣಕಾರನು ಮಾಡಿದ ಕೆಡುಕಿನಿಂದ ಮತ್ತೊಬ್ಬನಿಗೆ ಒಳಿತಾದರೆ, ಅದು ಆಕ್ರಮಣಕಾರನ ಪುಣ್ಯದ ಖಾತೆಗೆ ಸೇರುವುದಿಲ್ಲ.

ಸಿಯಾನಿನಲ್ಲಿ ಚಿಯಾಂಗನನ್ನು ಸೆರೆಹಿಡಿದ ಇಬ್ಬರಲ್ಲಿ ಯಾಂಗ್ ಹು-ಚೆಂಗನನ್ನು ೧೯೪೯ರಲ್ಲಿ, ಚುಂಗ್ಕಿಂಗ್ ಕೈಬಿಡುವ ಮುನ್ನ, ಚಿಯಾಂಗನ ಕಡೆಯವರು ಮಗನೊಡನೆ ಕೊಂದರು. ಚಾಂಗ್ ಷ್ಯೂ-ಲಿಯಾಂಗನು ತಾನಾಗಿಯೇ ಚಿಯಾಂಗನ ಜೊತೆಗೆ ನಾನ್ಕಿಂಗಿಗೆ ಹೋಗಿ ಸೆರೆಯಾದನು. ಆ ಗೃಹಬಂಧನ, ಮೊದಲು ಚೀನದಲ್ಲಿ, ಆಮೇಲೆ ತೈವಾನಿನಲ್ಲಿ, ಅರ್ಧ ಶತಮಾನಕ್ಕೂ ಮಿಕ್ಕು ನಡೆಯಿತು. ಆತನು ಚಿಯಾಂಗನಿಗಿಂತಲೂ ಮಾವೋವಿಗಿಂತಲೂ ಬಹುಕಾಲ ಹೆಚ್ಚಾಗಿ ಬದುಕಿ, ೨೦೦೧ರ ಅಕ್ಟೋಬರಿನಲ್ಲಿ, ನೂರು ವರ್ಷ ತುಂಬಿದ ಮೇಲೆ, ಹವಾಯಿ ದ್ವೀಪದ ಹೊನೊಲುಲುವಿನಲ್ಲಿ ತೀರಿಕೊಂಡನು. ಜಪಾನು ಕಿತ್ತುಕೊಂಡಿದ್ದ, ಮತ್ತೆ ಚೀನಕ್ಕೆ ಸೇರಿದ ತನ್ನ ಮಂಚೂರಿಯಾವನ್ನು ಆತನು ತಿರುಗಿ ನೋಡಲಿಲ್ಲ.