ಹೊತ್ತರಿಯದ ಮಾತು

ಮಾತಿಗೆ ಬೆಲೆ ಬರುವದು ಅದರ ಅಂದಚಂದದಿಂದಷ್ಟೇ ಅಲ್ಲ. ಆಡಿದವನು ಯಾರು, ಆಡಿದ ಹೊತ್ತು ಯಾವದು, ಕೇಳಿದವನ ಅವಸ್ಥೆ ಏನು ಎಂಬ ಮೂರರಿಂದ. ಇದನ್ನು ಅಕ್ಷರ ಬಾರದ ಮುದುಕಿಯೂ ಬಲ್ಲಳು. ಸಾವಿನ ಮನೆಯಲ್ಲಿ ಅವಳು ಮದುವೆಯ ಮಾತೆತ್ತುವದಿಲ್ಲ. ಆದರೆ ಈ ಅರಿವು ಈಚೆಗೆ ಕಲಿತವರ ಮನೆಗಳಿಂದಲೇ ಜಾರಿಹೋಗುತ್ತಲಿದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳಲ್ಲಿ ಇಂದು ಫೇಸ್‌ಬುಕ್ಕಿನ ಪುಟವಿಲ್ಲದ ಸಂಘವೂ ವಾಟ್ಸ್‌ಆ್ಯಪ್ ಬಳಗವಿಲ್ಲದ ಓಣಿಯೂ ವಿರಳ. ಅಲ್ಲಿ ಬರೆಯುವ ಕೆಲಸವನ್ನು ಮನುಷ್ಯನ ಕೈಯಿಂದ ತೆಗೆದು ಯಂತ್ರಕ್ಕೆ ಒಪ್ಪಿಸುವ ಪದ್ಧತಿಯು ದೊಡ್ಡ ಪಟ್ಟಣಗಳಿಂದ ಇತ್ತ ಇಳಿದು ಬರುತ್ತಲಿದೆ. ಒಬ್ಬನು ಒಂದು ದಿನ ಕುಳಿತು, ತಿಂಗಳ ಶುಭಾಶಯ, ಜಯಂತಿ, ಪ್ರಕಟಣೆಗಳನ್ನೆಲ್ಲ ಬರೆದಿಟ್ಟು, ಒಂದೊಂದಕ್ಕೂ ದಿನ ಗಳಿಗೆಗಳನ್ನು ಗೊತ್ತುಮಾಡಿ ಎದ್ದು ಹೋಗುತ್ತಾನೆ. ಮುಂದಿನದನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಇದನ್ನು ಅನುಕೂಲವೆಂದು ಹೊಗಳುವವರು ಬಹಳ. ಇದರ ಕೇಡನ್ನು ಎಣಿಸಿದವರು ಕಡಿಮೆ.

ಹೊಗಳುವವರ ವಾದವು ಹೀಗಿದೆ: ಸಂಘದ ಕಾರ್ಯದರ್ಶಿಯು ಹೊಟ್ಟೆಯ ಉದ್ಯೋಗವಿದ್ದವನು, ದಿನವೂ ಬರೆಯಲು ಅವನಿಗೆ ಪುರುಸೊತ್ತೆಲ್ಲಿ? ಯಂತ್ರಕ್ಕೆ ಮರೆವಿಲ್ಲ, ದಣಿವಿಲ್ಲ, ಒಂದು ಹಬ್ಬವೂ ತಪ್ಪುವದಿಲ್ಲ. ಈ ವಾದವು ಮೇಲ್ನೋಟಕ್ಕೆ ನಿಜವೆನಿಸೀತು. ಆದರೆ ಪುರುಸೊತ್ತಿಲ್ಲದವನು ಶುಭಾಶಯ ಕಳಿಸದಿದ್ದರೆ ಅವನನ್ನು ಯಾರೂ ಹಳಿಯಲಾರರು. ನೆನೆಯದೆಯೇ ನೆನೆದವನಂತೆ ತೋರಿಸಿಕೊಳ್ಳುವದು ಮಾತ್ರ ಸಲ್ಲದು. ಕೇಳಿದವನು ನಂಬುವದು, ಆ ಗಳಿಗೆಗೆ ಒಬ್ಬ ಮನುಷ್ಯನು ತನ್ನನ್ನು ನೆನೆದನೆಂದು. ಆ ನಂಬಿಗೆಗೆ ಆಧಾರವಿಲ್ಲದಾದರೆ ಶುಭಾಶಯದಲ್ಲಿ ಉಳಿಯುವದೇನು?

ಯಂತ್ರದ ಮೊದಲ ದೋಷವು ಹೊತ್ತನ್ನು ಅರಿಯದಿರುವದು. ಅದಕ್ಕೆ ತಿಥಿ ಗೊತ್ತು, ಗಂಟೆ ಗೊತ್ತು, ಕಾಲ ಗೊತ್ತಿಲ್ಲ. 2019ರಲ್ಲಿ ನಾಗರಪಂಚಮಿಯು ಆಗಸ್ಟ್ 5ಕ್ಕೆ ಬಂದಿತು. ಅದೇ ವಾರ ವರದಾ ನದಿಯು ಉಕ್ಕಿ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಉಂಡಿ ಕಟ್ಟಿ ಜೋಕಾಲಿ ಆಡಬೇಕಾದ ಮನೆಗಳಲ್ಲಿ ಜನರು ಕಾಳುಕಡಿ ಕಟ್ಟಿಕೊಂಡು ಎತ್ತರದ ಜಾಗವನ್ನು ಹುಡುಕುವ ಪ್ರಸಂಗ. ಅಂಥ ವಾರಕ್ಕೆಂದು ತಿಂಗಳ ಮೊದಲೇ ಬರೆದಿಟ್ಟ ಹಬ್ಬದ ಮಾತು ತನ್ನ ಗಳಿಗೆಗೆ ಸರಿಯಾಗಿ, ನಗುಮುಖದ ಚಿತ್ರದೊಡನೆ ಹೊರಟಿತೆಂದರೆ ಅದು ಶುಭಾಶಯವಾಗಿ ಉಳಿಯದು, ಅಣಕವಾದೀತು. ಓಣಿಯಲ್ಲಿ ಡಂಗುರ ಸಾರುವ ಬಡವನು ಸಹ ಹೆಣವಿದ್ದ ಮನೆಯ ಮುಂದೆ ಕೈಯನ್ನು ತಡೆಯುತ್ತಾನೆ. ತಡೆಯುವ ಕೈ ಯಂತ್ರಕ್ಕಿಲ್ಲ.

ಇದು ಬರಿಯ ಊಹೆಯೆಂದು ಯಾರೂ ತಿಳಿಯಬಾರದು. 2014ರ ಡಿಸೆಂಬರಿನಲ್ಲಿ ಫೇಸ್‌ಬುಕ್ಕಿನ ಯಂತ್ರವು ಅಮೇರಿಕೆಯ ಒಬ್ಬ ತಂದೆಗೆ, ಕಳೆದ ವರ್ಷ ಹೇಗಿತ್ತು ನೋಡಿರೆಂದು, ಸಂಭ್ರಮದ ಚಿತ್ರಗಳ ನಡುವೆ ಅದೇ ವರ್ಷ ತೀರಿಕೊಂಡ ಮಗಳ ಮುಖವನ್ನಿಟ್ಟು ತೋರಿಸಿತು. ಆ ಯಂತ್ರಕ್ಕೆ ದ್ವೇಷವಿರಲಿಲ್ಲ. ಆದರೆ ಎಳ್ಳಷ್ಟು ಕನಿಕರವೂ ಇರಲಿಲ್ಲ. ಮನುಷ್ಯನು ಹೀಗೆ ಮಾಡಿದ್ದರೆ ಅವನನ್ನು ಕಟುಕನೆನ್ನುತ್ತಿದ್ದರು.

ಎರಡನೆಯ ದೋಷವು ಅರ್ಥವನ್ನು ಅರಿಯದಿರುವದು. 2025ರ ಜುಲೈ 14ರಂದು ಹಿರಿಯ ನಟಿ ಬಿ. ಸರೋಜಾದೇವಿಯವರು ನಿಧನರಾದರು. ಮರುದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸಂಗತಿಯನ್ನು ಅವರ ಕಚೇರಿಯವರು ಸರಿಯಾದ ಕನ್ನಡದಲ್ಲಿ ಪ್ರಕಟಿಸಿದರು. ಫೇಸ್‌ಬುಕ್ಕಿನ ಒಡೆತನವುಳ್ಳ ಮೆಟಾ ಕಂಪನಿಯ ಸ್ವಯಂಚಾಲಿತ ಭಾಷಾಂತರವು ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ, ತೀರಿಕೊಂಡವರು ಸ್ವತಃ ಮುಖ್ಯಮಂತ್ರಿಗಳೇ ಎಂಬಂತೆ ಮಾಡಿತು. ‘ನಿನ್ನೆ ನಿಧನರಾದ’ ಎಂಬ ಕೃದಂತವು ಮುಂದೆ ಬರುವ ನಟಿಯ ಹೆಸರಿಗೆ ವಿಶೇಷಣವಾಗಿತ್ತು. ಯಂತ್ರವು ಅದನ್ನು ಹಿಂದಿನ ಹೆಸರಿಗೆ ಗಂಟುಹಾಕಿತು. ಕನ್ನಡ ಶಾಲೆಯ ಹುಡುಗನೂ ಮಾಡದ ತಪ್ಪು ಅದು. ಮುಖ್ಯಮಂತ್ರಿಗಳು ಬಹಿರಂಗವಾಗಿ ಆಕ್ಷೇಪಿಸಿದರು. ಕನ್ನಡದ ಸ್ವಯಂ ಭಾಷಾಂತರವನ್ನು ಸದ್ಯಕ್ಕೆ ನಿಲ್ಲಿಸಬೇಕೆಂದು ಕಂಪನಿಗೆ ಪತ್ರ ಹೋಯಿತು. ಕಂಪನಿಯು ಕ್ಷಮೆ ಕೇಳಿ ತಪ್ಪನ್ನು ತಿದ್ದಿತು. ಅದು ಭಾಷಾಂತರದ ಮಾತಾಯಿತು, ಪ್ರಕಟಣೆಯದಲ್ಲ ಎಂದು ಕೆಲವರು ಅಂದಾರು. ಆದರೆ ಎರಡರಲ್ಲಿಯೂ ರೋಗದ ಮೂಲ ಒಂದೇ: ಮಾತು ಹೊರಬೀಳುವ ಮುಂಚೆ ಓದಿ ನೋಡುವ ಕಣ್ಣಿಲ್ಲ. ನಾಡಿನ ಮುಖ್ಯಮಂತ್ರಿಗಾದ ತಪ್ಪನ್ನು ಮೂರು ದಿನಗಳಲ್ಲಿ ತಿದ್ದಿದರು. ಹಿರೇಕೆರೂರಿನ ಒಬ್ಬ ಒಕ್ಕಲಿಗನ ವಿಷಯದಲ್ಲಿ ಹೀಗಾದರೆ ಆ ಕಂಪನಿಯ ಬಾಗಿಲು ಬಡಿಯುವವರು ಯಾರು?

ಇದಲ್ಲದೆ ಕನ್ನಡಕ್ಕೇ ವಿಶೇಷವಾದ ಇನ್ನೊಂದು ಅಪಾಯವುಂಟು. ಒಂದು ತಾಣದ ಬರೆಹವನ್ನು ಮತ್ತೊಂದಕ್ಕೆ ತಾನಾಗಿ ಒಯ್ಯುವ ಯಂತ್ರಗಳು, ಬರೆಹವು ಮಿತಿ ಮೀರಿದಲ್ಲಿ ಅದರ ತುದಿಯನ್ನು ಕತ್ತರಿಸುವದುಂಟು. ಹಿಂದೆ ಟ್ವಿಟರ್ ಎನಿಸಿಕೊಂಡ ಎಕ್ಸ್ ತಾಣದಲ್ಲಿ ಸಾಮಾನ್ಯರಿಗೆ ದೊರೆಯುವ ಮಿತಿ 280 ಚಿಹ್ನೆಗಳು. ‘ಸ್ತ್ರೀ’ ಎಂಬ ಒಂದೇ ಅಕ್ಷರವು ಅಲ್ಲಿ ಆರು ಚಿಹ್ನೆಗಳನ್ನು ನುಂಗುತ್ತದೆ. ಕನ್ನಡದಲ್ಲಿ ಕ್ರಿಯಾಪದವೂ ನಿಷೇಧವೂ ವಾಕ್ಯದ ಕೊನೆಗೆ ಬರುವವು. ‘ನಾಳೆ ಶಾಲೆಗಳಿಗೆ ರಜೆ ಇರುವದಿಲ್ಲ’ ಎಂಬ ಸೂಚನೆಯ ಕೊನೆಯ ಪದವು ಕತ್ತರಿಸಿ ಹೋದರೆ, ಉಳಿದದ್ದು ಹೇಳುವದು ತದ್ವಿರುದ್ಧವನ್ನೇ. ಇಂಥದನ್ನು ತಿದ್ದಲಿಕ್ಕೆ ಒಮ್ಮೆ ಓದಿದರೆ ಸಾಕು. ಆ ಒಂದು ಓದನ್ನೇ ಉಳಿತಾಯ ಮಾಡಲು ಹೊರಟದ್ದು ಈ ಪದ್ಧತಿ.

ಮೂರನೆಯದು, ಎಲ್ಲಕ್ಕಿಂತ ಘೋರವಾದದ್ದು, ಹೊಣೆಗಾರನಿಲ್ಲದಿರುವದು. ಶಿಲೆಯ ಮೇಲೆ ಮಾತನ್ನು ಕೊರೆಯಿಸಿದ ಕಾಲದಲ್ಲಿ, ಬರೆದ ಕವಿಯ ಮತ್ತು ಕಂಡರಿಸಿದ ರೂವಾರಿಯ ಹೆಸರನ್ನು ಶಾಸನದಲ್ಲಿಯೇ ಹೇಳುವ ವಾಡಿಕೆಯಿತ್ತು. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರಿಗೂ ಶಿಶುವಿನಹಾಳದ ಷರೀಫ ಸಾಹೇಬರಿಗೂ ಅಂಕಿತವಿತ್ತು. ಹಿರೇಕೆರೂರ ಸೀಮೆಯು ತನ್ನವನೆಂದು ಹೇಳಿಕೊಳ್ಳುವ ಸರ್ವಜ್ಞನು ತ್ರಿಪದಿಯ ಕೊನೆಗೆ ತನ್ನ ಹೆಸರನ್ನಿಟ್ಟನು. ಅಂಕಿತವೆಂದರೆ ಈ ಮಾತಿಗೆ ಉತ್ತರ ಕೊಡುವವನು ಇಲ್ಲಿದ್ದಾನೆಂಬ ಸಾಕ್ಷಿ. ತಾನಾಗಿ ಹೊರಡುವ ಬರೆಹದ ಕೆಳಗೆ ಓದುಗನು ಪ್ರಶ್ನೆ ಕೇಳಿದರೆ ಉತ್ತರಿಸುವವರಿಲ್ಲ. ಉತ್ತರವನ್ನೂ ಯಂತ್ರವೇ ಕೊಟ್ಟರೆ ಗೋಡೆಯೊಡನೆ ಮಾತಾಡಿದಂತಾಯಿತು. 2015ರ ಫೆಬ್ರವರಿಯಲ್ಲಿ ಕೋಕಾ ಕೋಲಾ ಕಂಪನಿಯು, ಟ್ವಿಟರಿನಲ್ಲಿ ಜನರಾಡಿದ ಕಟುನುಡಿಗಳನ್ನು ಮುದ್ದು ಚಿತ್ರಗಳನ್ನಾಗಿ ಮಾರ್ಪಡಿಸುವ ಯಂತ್ರವನ್ನು ಹೂಡಿತು. ಗಾಕರ್ ಎಂಬ ಸುದ್ದಿತಾಣದವರು ಹಿಟ್ಲರನ ಆತ್ಮಚರಿತ್ರೆಯ ವಾಕ್ಯಗಳನ್ನು ಅದಕ್ಕೆ ಉಣಿಸಿದರು. ಅದು ಅವನ್ನೂ ಚಿತ್ರವಾಗಿಸಿ ಕಂಪನಿಯ ಹೆಸರಿನಲ್ಲಿಯೇ ಪ್ರಕಟಿಸಿತು. ಕಂಪನಿಯು ಯಂತ್ರವನ್ನು ನಿಲ್ಲಿಸಬೇಕಾಯಿತು. ಕೋಟಿಗಟ್ಟಲೆ ಬಂಡವಾಳವುಳ್ಳವರ ಗತಿಯೇ ಹೀಗಾದರೆ ತಾಲೂಕಿನ ಒಂದು ಸಂಘದ ಪಾಡೇನು?

ಯಂತ್ರವನ್ನು ಮುಟ್ಟಲೇಬಾರದೆಂಬ ಹಟ ಇಲ್ಲಿ ಸಲ್ಲದು. ಬ್ಯಾಡಗಿಯ ಪೇಟೆಯ ಮೆಣಸಿನಕಾಯಿ ಧಾರಣೆ, ವಾಚನಾಲಯವು ತೆರೆಯುವ ವೇಳೆ, ನಳದ ನೀರು ಬಿಡುವ ದಿನ ಇಂಥವನ್ನು ಅದು ಸಾರಲಿ. ಅಂಕಿಸಂಖ್ಯೆಗೆ ಹೃದಯ ಬೇಕಿಲ್ಲ, ಸರಿಯಾಗಿದ್ದರೆ ಸಾಕು. ಆದರೆ ಶುಭಾಶಯ, ಸಂತಾಪ, ಅಭಿಪ್ರಾಯ ಈ ಮೂರನ್ನು ಯಂತ್ರದ ಕೈಗೆ ಕೊಡುವದು ತನ್ನ ಬದಲು ಕೂಲಿಯವನನ್ನು ಅಳಲು ಕಳಿಸಿದಂತೆ.

ಆದುದರಿಂದ ಈ ನಾಲ್ಕು ತಾಲೂಕುಗಳ ಸಂಘಸಂಸ್ಥೆಗಳು ಮೂರು ನೇಮಗಳನ್ನು ಪಾಲಿಸುವದು ಯೋಗ್ಯ. ಪ್ರಕಟವಾಗುವ ಪ್ರತಿಯೊಂದು ಬರೆಹವನ್ನು ಅದೇ ದಿನ ಓದಿ ಒಪ್ಪುವ ಒಬ್ಬ ಮನುಷ್ಯನಿರಬೇಕು. ಅವನ ಹೆಸರು ಎಲ್ಲರಿಗೂ ತಿಳಿದಿರಬೇಕು. ಊರಿಗೆ ನೆರೆ, ಅಪಘಾತ, ಸಾವು ಬಂದೊದಗಿದಾಗ ಬರೆದಿಟ್ಟದ್ದೆಲ್ಲವನ್ನೂ ಮೊದಲು ತಡೆಯಬೇಕು. ಕೇಳಿದ ಪ್ರಶ್ನೆಗೆ ಮನುಷ್ಯನೇ ಉತ್ತರಿಸಬೇಕು, ಉತ್ತರಿಸಲಾಗದಷ್ಟನ್ನು ಬರೆಯದಿರಬೇಕು. ಇದರಿಂದ ವರ್ಷಕ್ಕೆ ಮುನ್ನೂರು ಬರೆಹಗಳು ಹೋಗಿ ಮೂವತ್ತು ಉಳಿದಾವು. ಉಳಿಯಲಿ. ಆ ಮೂವತ್ತನ್ನು ಜನರು ಓದಿಯಾರು, ಓದಿ ನಂಬಿಯಾರು. ಮನೆಗಳಲ್ಲಿಯೂ ಹಿರಿಯರು ಮಕ್ಕಳಿಗೆ ಇಷ್ಟನ್ನು ಕಲಿಸಿದರೆ ಸಾಕು: ನೂರು ಜನರಿಗೆ ತಾನಾಗಿ ಹೋಗುವ ಚಿತ್ರಕ್ಕಿಂತ, ಹಬ್ಬದ ದಿನ ಅಜ್ಜಿಗೆ ತಾವೇ ಕುಳಿತು ಬರೆದ ಎರಡು ಸಾಲು ಹೆಚ್ಚಿನದು.