ಮೊಬೈಲ್ ಯಾರ ಕೈಯಲ್ಲಿದೆ?

ಹೈನುಗಾರ ಸಹೋದರಿಯರೇ,

2016ರ ಸೆಪ್ಟೆಂಬರ್ 5ರಂದು ಜಿಯೋ 4ಜಿ ಸೇವೆ ಶುರುವಾಯಿತು. ಅದಕ್ಕೂ ಮೊದಲು 1 ಜಿಬಿ ಡೇಟಾಕ್ಕೆ ಸುಮಾರು 250 ರೂಪಾಯಿ ಆಗುತ್ತಿತ್ತು. ದರ ಇಳಿದರೆ ಹಳ್ಳಿಯವರೂ ಡೇಟಾ ಬಳಸುತ್ತಾರೆಂದು ನಂಬಿ ಕಂಪನಿ ಮೊದಲೇ ಒಂದು ಲಕ್ಷ ಕೋಟಿಗೂ ಹೆಚ್ಚು ಹಣ ಹೂಡಿತ್ತು. ಆ ಲೆಕ್ಕ ತಪ್ಪಲಿಲ್ಲ. ಇಂದು ನಮ್ಮ ಲಾಯಿಲದಲ್ಲೂ ಮೊಬೈಲ್ ಇಲ್ಲದ ಮನೆ ಅಪರೂಪ.

ಆದರೆ ಅದು ಯಾರ ಕೈಯಲ್ಲಿದೆ? ಹುಲ್ಲು ತರುವುದು, ಹಟ್ಟಿ ತೊಳೆಯುವುದು, ಹಾಲು ಕರೆಯುವುದು ನಾವು. ಹಾಲಿನ ಹಣ, ಪ್ರೋತ್ಸಾಹಧನ ಜಮೆಯಾದ ಸಂದೇಶ ಮಾತ್ರ ಎಷ್ಟೋ ಮನೆಗಳಲ್ಲಿ ಗಂಡನ ಅಥವಾ ಮಗನ ಮೊಬೈಲಿಗೆ ಹೋಗುತ್ತದೆ.

ದನಕ್ಕೆ ಹಾಕಿದ ಹಿಂಡಿ ಹಾಲಾಗಿ ಮರಳುವಂತೆ ತಿಂಗಳ ರೀಚಾರ್ಜ್ ಕೂಡ ಹೂಡಿಕೆಯೇ. ಹಾಲಿನ ದುಡ್ಡಿನಲ್ಲಿ ನಿಮ್ಮ ಹೆಸರಿನ ಸಿಮ್ ತೆಗೆದುಕೊಳ್ಳಿ. ಬ್ಯಾಂಕಿಗೆ ಆ ನಂಬರನ್ನೇ ಕೊಡಿ. ನಿಮ್ಮ ಖಾತೆಯ ಲೆಕ್ಕ ನೀವೇ ನೋಡಿ.